ಯಾವುದಕ್ಕೆ ಸಾಕು?

ಕಾಯುವುದು ನನ್ನಿಂದ ಆಗದ ಮಾತು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವವಳು ನಾನು. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀಯೇನ?" ಎಂದು ಅವ್ವ, ಮಾತು ಇದ್ದಾಗ, ಬೈಯುತ್ತಿದ್ದಳು. ಲಕ್ವ ಹೊಡೆದು ಈಗ ಆ ಬೈಗುಳವೂ ಇಲ್ಲ. ದಿನದಿಂದ ದಿನಕ್ಕೆ ಊಟ ಕಡಿಮೆಯಾಗಿ ಎಲುಬಿನ ಗೂಡಾಗಿದ್ದಳು. ಹೀಗೇ ಆದರೆ ಉಳಿಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ಕುಂತಲ್ಲಿ ಕೂಡಗೊಡುತ್ತಿರಲಿಲ್ಲ.

ಕಾಯಲಾರದ ನನಗೆ ಸಿಕ್ಕ ಕೆಲಸವೋ, ಯಂತ್ರಗಳಿಗೆ ಕಾಯುವುದನ್ನು ಕಲಿಸುವುದು! ರೋಣದ ಒಂದು ದವಾಖಾನೆಯ ನೆಟ್‌ವರ್ಕ್ ನನ್ನ ಪಾಲಿಗಿತ್ತು. ಸ್ಕ್ಯಾನ್ ಚಿತ್ರಗಳು ಒಮ್ಮೆಲೇ ನುಗ್ಗಿದಾಗ ಸರ್ವರ್ ತುಂಬಿಹೋಗಿ, ಅದಕ್ಕೆ ಮಾಹಿತಿ ಸಾಗಿಸುವ ನೆಟ್‌ವರ್ಕ್ ಸ್ವಿಚ್ಚಿಗೆ 'ತಡಿ' ಎನ್ನುತ್ತಿತ್ತು. ಆ ದಡ್ಡ ಸ್ವಿಚ್ಚು ತಂತಿಯಲ್ಲಿ ಹೋಗುವ ಎಲ್ಲವನ್ನೂ ನಿಲ್ಲಿಸಿಬಿಡುತ್ತಿತ್ತು. ರೋಗಿಗಳ ನಾಡಿಬಡಿತ ತೋರಿಸುವ ವಾರ್ಡಿನ ಪರದೆಗಳ ಮಾಹಿತಿಯೂ ಅದೇ ತಂತಿಯಲ್ಲಿ ಹೋಗುತ್ತಿದ್ದರಿಂದ ಅವೂ ಗಪ್‌ಚಿಪ್. "ಮ್ಯಾಡಮ್ಮರ, ಮತ್ತ ನಿಂತೈತ್ರಿ!" ಎಂದು ನರ್ಸಮ್ಮ ಕೂಗಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆ ದಿನ ಹಟ ಹಿಡಿದು ಕೂತೆ. ಚಿತ್ರಗಳಿಗೇ ಬೇರೆ ಆದ್ಯತೆಯ ಸಂಖ್ಯೆ ಕೊಟ್ಟೆ. 'ತಡಿ' ಅಂದರೆ ಆ ಸಂಖ್ಯೆಯದ್ದು ಮಾತ್ರ ನಿಲ್ಲಬೇಕು, ಉಳಿದದ್ದು ಹರಿಯುತ್ತಿರಬೇಕು. ಸ್ವಿಚ್ಚಿನಲ್ಲೂ ಸರ್ವರಿನಲ್ಲೂ ಅದೇ ಸಂಖ್ಯೆ ಇರಬೇಕು. ಇಲ್ಲವಾದರೆ ಒಬ್ಬರು ಕೈ ತೋರಿಸಿದ್ದು ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ದೊಡ್ಡದೊಂದು ಸ್ಕ್ಯಾನ್ ಕಳಿಸಿ ನೋಡಿದೆ. ಚಿತ್ರಗಳು ಸರದಿಯಲ್ಲಿ ನಿಂತವು, ವಾರ್ಡಿನ ಪರದೆಗಳು ನಿಲ್ಲಲಿಲ್ಲ. ಖುಷಿಪಡಲೂ ಪುರುಸೊತ್ತಿಲ್ಲದೆ ಗಜೇಂದ್ರಗಡದ ಬಸ್ಸಿಗೆ ಓಡಿದೆ.

ಮನೆಯಲ್ಲಿ ನನ್ನ ಅಣ್ಣನ ಹೆಂಡತಿ, ವೈನಿ, ಅವ್ವನಿಗೆ ಉಣಿಸುತ್ತಿದ್ದರು. ಸಾರಿನಲ್ಲಿ ನೆನೆಸಿದ ರೊಟ್ಟಿ ಒಂದೆರಡು ತುತ್ತು ಕಷ್ಟಪಟ್ಟು ಇಳಿಯಿತು. ಮತ್ತೆ ಹಾಕಹೋದಾಗ ಅವ್ವ ತಾಟಿನ ಮೇಲೆ ಎಡಗೈ ಅಡ್ಡ ಹಿಡಿದಳು.

"ಸಾಕಂತ. ದಿನಾ ಇಷ್ಟ ನೋಡವಾ," ಎಂದು ವೈನಿ ಕಣ್ಣೀರು ಒರೆಸಿಕೊಳ್ಳುತ್ತ ತಾಟು ಎತ್ತಿದರು.

"ತಡೀರಿ ವೈನಿ!" ಚೀರಿಯೇಬಿಟ್ಟೆ. "ಸಾಕು ಅಂದದ್ದು ಯಾವುದಕ್ಕ?"

ರೊಟ್ಟಿ ತೆಗೆದು, ಮೆತ್ತಗಿನ ಜೋಳದ ನುಚ್ಚಿಗೆ ಮೊಸರು ಕಲಸಿ ಮುಂದಿಟ್ಟೆ. ಅಡ್ಡವಿದ್ದ ಕೈ ಪಕ್ಕಕ್ಕೆ ಸರಿಯಿತು. ಒಂದು ತುತ್ತು, ಮತ್ತೊಂದು, ಇನ್ನೊಂದು. ಇನ್ನಷ್ಟು ನುಚ್ಚು ತರಲೆಂದು ಎಂದಿನ ಅವಸರದಲ್ಲಿ ತಾಟು ಹಿಡಿದೇ ಎದ್ದೆ. ಅವ್ವ ಗಕ್ಕನೆ ನನ್ನ ಕೈ ಹಿಡಿದು ತಾಟನ್ನು ತನ್ನ ಕಡೆ ಜಗ್ಗಿಕೊಂಡಳು.

ಹಸಿದಿದ್ದಳು. ಇಷ್ಟು ದಿನವೂ ಹಸಿದೇ ಇದ್ದಳು.