ಬಾಗಿಲು ಬಿಚ್ಚಿದ ಜೀಪಿನ ಕಾಕಾ

ಕಾಕಾನ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಾಗಿತ್ತು. ಬೇಸಿಗೆ ಬಂದರೆ ಬಲಗಿವಿಯ ಅಂಚು ಸಿಪ್ಪೆ ಏಳುತ್ತಿತ್ತು. ಅಂಗಿಯ ಬಲತೋಳು ಎಡತೋಳಿಗಿಂತ ಮೊದಲೇ ಬಣ್ಣಗೆಟ್ಟು ಹರಿಯುತ್ತಿತ್ತು. ಬಾಗಿಲಿಲ್ಲದ ಜೀಪನ್ನು ವರ್ಷಗಟ್ಟಲೆ ಓಡಿಸಿದವನ ಬಲಗಡೆ ಹಾಗಾಗದೆ ಇನ್ನೇನಾದೀತು. "ಒಂದು ಗಲ್ಲ ದೇವದುರ್ಗದ ಬಿಸಲಾಗ ಸುಟ್ಟದ, ಇನ್ನೊಂದು ಮಾನ್ವಿ ನೆರಳಾಗ ಅದ" ಎಂದು ತಾನೇ ನಗುತ್ತಿದ್ದ.

ಅವನು ನನಗೆ ರಕ್ತಸಂಬಂಧಿಯಲ್ಲ. ಮಾನ್ವಿಯಲ್ಲಿ ನನ್ನ ಗಂಡನ ಮನೆಯ ಪಕ್ಕದ ಮನೆಯವನು. ಹುಟ್ಟಿದ್ದು ದೇವದುರ್ಗದಲ್ಲಿ. ನನ್ನ ತವರು ಅದೇ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿ ಎಂದು ತಿಳಿದ ದಿನದಿಂದ ನಾನು "ನಮ್ಮ ಕಡಿ ಮಗಳು" ಆದೆ, ಅವನು ಕಾಕಾ ಆದ.

ಜೀಪಿನಿಂದ ಬಿಚ್ಚಿದ ಬಾಗಿಲುಗಳು ಹಿತ್ತಲಲ್ಲಿ ಬಚ್ಚಲಿಗೆ ಮರೆಯಾಗಿ ನಿಂತಿದ್ದವು. "ಜೀಪಿನಾಗ ಕುಂತ ಜಳಕಾ ಮಾಡಿದಂಗ ಆಗ್ತದ ನೋಡವಾ" ಎಂದು ಅವನ ಹೆಂಡತಿ, ನಮ್ಮ ಚಿಗವ್ವ, ಗೊಣಗುತ್ತಿದ್ದಳು. ಒಮ್ಮೆ ಪೊಲೀಸರು ತಡೆದು ಬಾಗಿಲೆಲ್ಲಿ ಎಂದು ಕೇಳಿದರೆ, "ಮನ್ಯಾಗ ಹೆಂಗಸೂರ ಮಾನ ಕಾಯಾಕತ್ತಾವ್ರೀ ಸಾಹೇಬ್ರ" ಎಂದನಂತೆ. ಯಾಕೆ ತೆಗೆದೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ. ಬೀಜದಂಗಡಿಯವರಿಗೆ ಚೀಲ ಏರಿಸಲು ಸಲೀಸು ಎನ್ನುತ್ತಿದ್ದ, ಮುದುಕರಿಗೆ ಹತ್ತಿ ಇಳಿಯಲು ಸಲೀಸು ಎನ್ನುತ್ತಿದ್ದ. ನನಗೆ ಹೇಳಿದ್ದು, "ಬಾಗಲ ಇದ್ರ ಮಂದಿ ಬಡಕೋಂತ ನಿಂದರ್ತಾರ, ಇಲ್ಲಂದ್ರ ಸೀದಾ ಬರ್ತಾರ" ಎಂದು.

ಮಂದಿ ಸೀದಾ ಬರುತ್ತಿದ್ದುದೇನೋ ನಿಜ. ದೊಡ್ಡ ಕಾಲುವೆಗೆ ಯಾರಾದರೂ ಬಿದ್ದರೆ ಆ ಮನೆಯವರು ಮೊದಲು ಓಡಿ ಬರುತ್ತಿದ್ದುದು ಕಾಕಾನ ಅಂಗಳಕ್ಕೆ. ಅವನು ಉಣ್ಣುವ ತಾಟು ಬಿಟ್ಟು ಎದ್ದು, ಅವರನ್ನು ಹತ್ತಿಸಿಕೊಂಡು ಕಾಲುವೆಯ ದಂಡೆ ಹಿಡಿದು ಹುಡುಕಲು ಹೊರಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು "ಅಯ್ಯೋ ಪಾಪ" ಎಂದು ಒಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ. ಊರಿನ ದುಃಖ ಊರಿಗೆ ಎಂದುಕೊಂಡಿದ್ದೆ.

ನನ್ನ ಗಂಡ ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ಆವತ್ತು ಹಿರೇಕೊಟ್ನೆಕಲ್ ಕಡೆ ಒಂದು ಹೊಲದಲ್ಲಿ ಮೋಟರು ಕೂರಿಸಿ, ಸಂಜೆ ವಾಪಸು ಬರುವಾಗ ಕೈಯ ಗ್ರೀಸು ತೊಳೆಯಲು ಕಾಲುವೆಗೆ ಇಳಿದಿದ್ದಾನೆ. ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಭತ್ತದ ನಾಟಿಯ ಕಾಲ, ಕಾಲುವೆ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ಬೈಕು ಇತ್ತು, ಸಾಮಾನಿನ ಚೀಲ ಇತ್ತು, ಒದ್ದೆ ಸಾಬೂನು ಇತ್ತು. ಅವನಿಗೆ ಈಜು ಬರುತ್ತಿರಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಜೀಪು ನಮ್ಮ ಬಾಗಿಲಿಗೆ ಬಂತು. ಮೈದುನ ಹಿಂದೆ ಹತ್ತಿದ. ನಾನೂ ಹೋದೆ. ನಮ್ಮ ಅತ್ತೆಯ ಅಣ್ಣ ಅಡ್ಡ ಬಂದು, "ಇಂಥಾದಕ್ಕೆಲ್ಲ ಹೆಂಗಸೂರು ಹೋಗಬಾರದು" ಎಂದರು. ಕಾಕಾ ಇಂಜಿನ್ ಆರಿಸಲೂ ಇಲ್ಲ.

"ಆತನ ಅಂಗಿ ಒಗದಾಕಿ ಆಕಿ. ನೀರಾಗ ಅಂಗಿ ಮೂಲಿ ಕಂಡ್ರ ಆಕಿಗಿ ಗುರ್ತ ಸಿಗ್ತದ. ನಿಮಗ ಸಿಗ್ತದೇನ್ರಿ?"

ನನ್ನನ್ನು ತನ್ನ ಪಕ್ಕದ ಎಡಸೀಟಿನಲ್ಲಿ ಕೂರಿಸಿದ. ಚಿಗವ್ವನ ಹಳೆಯ ಸೀರೆಯೊಂದನ್ನು ನನ್ನ ಸೊಂಟಕ್ಕೆ ಸುತ್ತಿ, ಹಿಂದಿನ ಕಬ್ಬಿಣದ ಸರಳಿಗೆ, ನನ್ನ ಕೈಗೆ ಎಟುಕದ ಹಾಗೆ ಗಂಟು ಹಾಕಿದ. "ಹಾದಿ ಬರೊಬ್ಬರಿ ಇಲ್ಲ, ಕುಲುಕ್ತದ" ಎಂದ.

ಕಾಲುವೆ ನನ್ನ ಎಡಕ್ಕೆ. ಕರಿಮಣ್ಣಿನ ದಂಡೆಯ ತಗ್ಗುದಿನ್ನೆಗಳಲ್ಲಿ ಜೀಪು ನೀರಿನ ಕಡೆ ವಾಲಿಕೊಂಡು ನಡಿಗೆಯಷ್ಟೇ ನಿಧಾನವಾಗಿ ಹೋಗುತ್ತಿತ್ತು. ನನ್ನ ಪಾದದ ಪಕ್ಕದಲ್ಲಿ ತಗಡಿಲ್ಲ, ತಡೆಯಿಲ್ಲ, ಬಗ್ಗಿದರೆ ಬರೀ ನೀರು. ಬಾಗಿಲು ಯಾಕಿಲ್ಲ ಎನ್ನುವುದು ಆಗ ತಿಳಿಯಿತು. ಬಾಗಿಲಿದ್ದರೆ ಆಚೆ ದಂಡೆ ಕಾಣುತ್ತದೆ, ಈಚೆ ದಂಡೆಯ ಬುಡ ಕಾಣುವುದಿಲ್ಲ. ಬಿದ್ದವರು ಸಿಕ್ಕಿಕೊಳ್ಳುವುದು ಆ ಬುಡದಲ್ಲೇ.

ಗೊಬ್ಬರದ ಚೀಲ ಕಂಡರೂ ಕೂಗಿದೆ, ತೇಲುವ ಸೊಪ್ಪು ಕಂಡರೂ ಕೂಗಿದೆ. ಪ್ರತಿ ಸಲ ಕಾಕಾ ನಿಲ್ಲಿಸಿ, ಇಳಿದು, ಬಿದಿರಿನ ಗಳದಿಂದ ತಿವಿದು ನೋಡಿ, "ಚೀಲ ಅದ ಯವ್ವಾ" ಎಂದು ಮತ್ತೆ ಹತ್ತುತ್ತಿದ್ದ. ಒಂದು ಸಲವೂ ಬೇಸರಪಡಲಿಲ್ಲ. ಹಿಂದೆ ಕೂತ ಮೈದುನ ಅಳುತ್ತ, "ನಮ್ಮಣ್ಣ ಬಾಳ ಸಂಭಾವಿತ ಇದ್ದ ಕಾಕಾ" ಎಂದ. ಜೀಪು ಗಕ್ಕನೆ ನಿಂತಿತು.

"ಇಳಿ ಕೆಳಗ."

"ಯಾಕ ಕಾಕಾ?"

"ಇದ್ದ ಅಂದಿ. ಸಿಗೂ ಮಟ ನನ್ನ ಗಾಡ್ಯಾಗ 'ಅದಾನ' ಅನ್ನಬೇಕು. ಆಗಂಗಿಲ್ಲಂದ್ರ ನಡಕೋಂತ ಬಾ."

ಮೈದುನ ಕಣ್ಣೊರೆಸಿಕೊಂಡು "ಅದಾನ" ಎಂದ. ಜೀಪು ಹೊರಟಿತು. ಸೇತುವೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸಿಕ್ಕನೇನ್ರಿ ಎಂದು ಕೇಳಿದಾಗಲೂ ಕಾಕಾ, "ಹುಡುಕಾಕತ್ತೀವಿ, ಇಲ್ಲೇ ಅದಾನ" ಎಂದ. ನನ್ನ ಗಂಡ ಅಲ್ಲೆಲ್ಲೋ ಬೀಡಿ ಸೇದುತ್ತ ಕೂತಿರುವ ಹಾಗೆ ಹೇಳುತ್ತಿದ್ದ. ನಾನೂ ನಂಬಿದೆ. ನಂಬದೆ ಇನ್ನೇನು ಮಾಡಲಿ?

ಗೂಗಲ್ಲಿನ ಅಲ್ಲಮಪ್ರಭುವನ್ನು ಬೇಡಿಕೊಂಡೆ. ಬೆಳಿಗ್ಗೆ ಕೇಳಿದ್ದು ಜೀವಂತ ಗಂಡನನ್ನು. ಬಿಸಿಲೇರಿದಂತೆ, ಕೈಕಾಲು ಮುರಿದಿದ್ದರೂ ಸೈ, ಉಸಿರೊಂದಿರಲಿ ಎಂದೆ. ಮಧ್ಯಾಹ್ನದ ಹೊತ್ತಿಗೆ, ನೋಡಲು ಮೈಯನ್ನಾದರೂ ಕೊಡಪ್ಪಾ ಎನ್ನುವಷ್ಟಕ್ಕೆ ಇಳಿದಿದ್ದೆ. ಒಂದೇ ದಿನದಲ್ಲಿ ಮನುಷ್ಯರ ಆಸೆ ಎಷ್ಟು ಸಣ್ಣದಾಗುತ್ತದೆ ಎಂದು ನನಗೆ ಗೊತ್ತು.

ಒಂದು ತೂಬಿನ ಜಾಲರಿಗೆ ಕಸಕಡ್ಡಿ ಒತ್ತಿಕೊಂಡು ನಿಂತಿತ್ತು. ಅದರ ನಡುವೆ ನೀಲಿ ಅಂಗಿಯ ಮೊಣಕೈ. ಅದಕ್ಕೆ ತೇಪೆ ಹಾಕಿದ್ದವಳು ನಾನೇ.

ಈ ಸಲ ಕೂಗಲಿಲ್ಲ. ಹಾರಿದೆ. ಸೀರೆ ಸೊಂಟಕ್ಕೆ ಬಿಗಿದು ಉಸಿರು ಕಟ್ಟಿತು, ನೀರಿನ ಮೇಲೆ ಅರ್ಧ ಜೋತುಬಿದ್ದೆ. ಕಾಕಾ ಬ್ರೇಕು ಹಾಕಿ ಓಡಿಬಂದು ನನ್ನನ್ನು ಸೀಟಿಗೆ ಒತ್ತಿ, ನೆಲದ ಮೇಲೆ ಕೂತು ನನ್ನ ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡ. ತಂದೆಯ ವಯಸ್ಸಿನವನು. ನಾನು ಅವನನ್ನು ಒದ್ದೆ. ನನ್ನ ಬಾಯಿ ಮೊದಲೇ ಹರಕು, ಆವತ್ತು ಮಿತಿಯೇ ಇರಲಿಲ್ಲ.

"ಬಿಚ್ಚೋ! ನಿನ್ನ ಹೆಣಾ ಎತ್ಲಿ, ಬಿಚ್ಚೋ ಇದನ್ನ!"

"ಬೈ ಯವ್ವಾ, ಬೇಕಾದಷ್ಟ ಬೈ. ನಾ ಬಿಚ್ಚಂಗಿಲ್ಲ."

ಮೈದುನ ಮತ್ತು ಪಕ್ಕದ ಹೊಲದಲ್ಲಿದ್ದವರು ನೀರಿಗೆ ಇಳಿದು ನನ್ನ ಗಂಡನನ್ನು ದಂಡೆಗೆ ತಂದು ಮಲಗಿಸಿದ ಮೇಲೆಯೇ ಕಾಕಾ ಗಂಟು ಬಿಚ್ಚಿದ.

ನಾನು ಅವನನ್ನು ಕ್ಷಮಿಸಲಿಲ್ಲ. ಹಾರಿದಾಗ ನನಗೆ ಎಲ್ಲಿಗೆ ಹೋಗುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಹೋಗಲು ಬಿಡಲಿಲ್ಲವಲ್ಲ ಎಂಬ ಸಿಟ್ಟು ಹೊಟ್ಟೆಯಲ್ಲಿ ಕೂತಿತು. ತಿಂಗಳುಗಟ್ಟಲೆ ಮಾತಾಡಲಿಲ್ಲ. ಜೀಪಿನ ಸದ್ದು ಕೇಳಿದರೆ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಿದ್ದೆ. ಉಂಡರೆ ಉಂಡೆ, ಇಲ್ಲದಿದ್ದರೆ ಇಲ್ಲ. ಅತ್ತೆ ಹೆದರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು.

ಒಂದು ದಿನ ಕಾಕಾ ಜೀಪಿನಿಂದ ಸುಟ್ಟ ಮೋಟರೊಂದನ್ನು ಇಳಿಸಿ ನಮ್ಮ ಕಟ್ಟೆಯ ಮೇಲೆ ದಪ್ಪನೆ ಇಟ್ಟ.

"ಇದನ್ನ ಸುತ್ತಿಕೊಡು."

"ನನಗ ಬರಂಗಿಲ್ಲ."

"ಗಂಡನ ಬಾಜೂಕ ಕುಂತು ಸುತ್ತಿದ್ದು ನಾ ಕಂಡೀನಿ. ಚೀಕಲಪರ್ವಿ ಊರಾಗ ನೀರಿಲ್ದ ಭತ್ತದ ಸಸಿ ಒಣಗಾಕತ್ತದ. ಅಳೂದಿದ್ರ ಸುತ್ತಿಕೋಂತ ಅಳು."

ಉತ್ತರಕ್ಕೆ ಕಾಯದೆ ಹೋದ. ಎರಡು ದಿನ ಆ ಮೋಟರನ್ನು ಮುಟ್ಟಲಿಲ್ಲ. ಮೂರನೆಯ ದಿನ, ಯಾರದೋ ಸಸಿ ನನ್ನಿಂದ ಸಾಯುವುದು ಬೇಡವೆಂದು ಕೂತೆ. ಅಳುತ್ತಲೇ ಸುತ್ತಿದೆ. ಅದು ತಿರುಗಿತು. ಆಮೇಲೆ ಕಾಕಾ ಇನ್ನೊಂದು ತಂದ, ಮತ್ತೊಂದು ತಂದ. ಮಾತಿಲ್ಲ ಕತೆಯಿಲ್ಲ, ಇಳಿಸುವುದು, ಒಯ್ಯುವುದು. ಈಗ ರಾಯಚೂರಿನಲ್ಲಿ ನನ್ನದೇ ಅಂಗಡಿ ಇದೆ, ಇಬ್ಬರು ಹೆಣ್ಣುಮಕ್ಕಳು ನನ್ನ ಕೈಕೆಳಗೆ ತಂತಿ ಸುತ್ತುತ್ತಾರೆ.

ಹೋದ ವರ್ಷ ಕಾಕಾನ ಎದೆಯಲ್ಲಿ ನೀರು ತುಂಬಿ, ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು. ದಿನಾ ಗಂಜಿ ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಚಿಗವ್ವ ಔಷಧಿ ತರಲು ಹೋಗಿದ್ದಾಗ, ನನ್ನ ಕಡೆ ತಿರುಗಿ ಕೇಳಿದ:

"ಅವತ್ತ ಕಟ್ಟಿ ಹಾಕಿದ್ದಕ್ಕ ಇನ್ನಾ ಸಿಟ್ಟು ಅದ ಏನು, ಮಗಳ?"

ಇಲ್ಲ ಎನ್ನಬಹುದಿತ್ತು. ಆ ಮನುಷ್ಯನ ಮುಂದೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಅದ ಕಾಕಾ."

"ಇರ್ಲಿ" ಎಂದ. "ಸಿಟ್ಟು ಮಾಡಾಕ ನೀ ಅದೀಯಲ್ಲ, ಸಾಕು."

ಮತ್ತೆ ಎರಡು ದಿನಕ್ಕೆ ಹೋಗಿಬಿಟ್ಟ. ಮಾನ್ವಿಗೆ ಒಯ್ದು ಮಣ್ಣು ಕೊಟ್ಟೆವು. ಮರುದಿನ ಅಂಗಡಿಯಲ್ಲಿ ಕೂತು ಆ ಸಿಟ್ಟನ್ನು ಹುಡುಕಿದೆ. ಇರಲಿಲ್ಲ. ಅವನು ಕೇಳುವ ಮೊದಲೇ ಹೋಗಿತ್ತೇನೋ, ನಾನೇ ನೋಡಿಕೊಂಡಿರಲಿಲ್ಲ. ಬದುಕುವ ಮನಸ್ಸಿರಲಿಲ್ಲ ಕಾಕಾ, ಆದರೂ ಬದುಕಿದೆ, ಒಳ್ಳೆಯದೇ ಆಯಿತು. ಇಷ್ಟೇ ಮಾತು. ಅವನಿಗೆ ಕಿವಿ ಕೇಳುತ್ತಿದ್ದಾಗ ಅದು ನನ್ನ ಬಾಯಿಗೆ ಬರಲಿಲ್ಲ.