ರೆಕ್ಕೆ ಮಡಚಿಕೊಳ್ಳಿ

ಆಸ್ಪತ್ರೆಯ ಲಿಫ್ಟ್ ನಡೆಸುವವನನ್ನು ಎಲ್ಲರೂ ಕಪ್ತಾನ ಎಂದೇ ಕರೆಯುತ್ತಿದ್ದರು. ಅವನು ಸಮುದ್ರ ನೋಡಿದವನಲ್ಲ, ವಿಮಾನ ಹತ್ತಿದವನೂ ಅಲ್ಲ. ಆದರೆ ಯುದ್ಧನೌಕೆ, ಯುದ್ಧವಿಮಾನ ಎಂದರೆ ಪ್ರಾಣ ಬಿಡುತ್ತಿದ್ದ. ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಬಿಸಾಡಿದ ಎಕ್ಸ್‌ರೇ ಲಕೋಟೆಗಳಲ್ಲಿ ತುಂಬಿ ಸ್ಟೂಲಿನ ಕೆಳಗೆ ಇಟ್ಟುಕೊಂಡಿದ್ದ. ವಿಮಾನವಾಹಕ ನೌಕೆಯ ಹೊಟ್ಟೆಯೊಳಗಿಂದ ವಿಮಾನಗಳನ್ನು ಮೇಲಕ್ಕೆತ್ತುವುದೂ ಲಿಫ್ಟೇ ಎಂದು ಓದಿದ ದಿನದಿಂದ ಅವನು ಕೂರುವ ಗತ್ತೇ ಬೇರೆಯಾಯಿತು.

ಗಾಲಿಕುರ್ಚಿಗಳೆಲ್ಲ ವಿಮಾನಗಳಾದವು. ಹಡಗಿನಲ್ಲಿ ಜಾಗ ಸಾಲದೆ ವಿಮಾನಗಳು ರೆಕ್ಕೆ ಮಡಚಿಕೊಳ್ಳುವಂತೆ, ಲಿಫ್ಟ್ ಹತ್ತಿದವರು ಮೊಣಕೈ ಒಳಗೆಳೆದುಕೊಳ್ಳಬೇಕಾಗಿತ್ತು. ನಲ್ಲಿ ಒಣಗಿದ್ದ ಮೂರನೆಯ ಮಹಡಿ ಮಂಗಳಗ್ರಹ. ಐದನೆಯದರಲ್ಲಿ ಭೂಮಿಯ ಸೆಳೆತವಿಲ್ಲ, ಚಪ್ಪಲಿ ಜೋಪಾನ ಎನ್ನುತ್ತಿದ್ದ.

ಒಂದು ದಿನ, ಶತ್ರುವಿಮಾನ ಬೆನ್ನು ಹತ್ತಿದೆ ಎಂದು ಅವನು ಸಾರಿದ್ದೇ ತಡ, ಲಿಫ್ಟಿನಲ್ಲಿದ್ದ ಹಿರಿಯರೊಬ್ಬರ ರಕ್ತದೊತ್ತಡ ಏರಿ ಅವರ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಇನ್ನೊಮ್ಮೆ ಬಾಯಿ ಬಿಟ್ಟರೆ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತೇನೆ ಎಂದರು ಮೇಲ್ವಿಚಾರಕರು. ತಪ್ಪು ತನ್ನದೇ ಎಂದು ಕಪ್ತಾನನಿಗೂ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು, ಲಕೋಟೆಗಳನ್ನು ಮನೆಗೆ ಒಯ್ದ. ಇಂಧನ ಖಾಲಿಯಾಯಿತೇ ಎಂದು ಹೆಂಡತಿ ಕೆಣಕಿದರೂ ನಗಲಿಲ್ಲ.

ಎಂಟನೆಯ ದಿನ ಒಬ್ಬ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಂದರು. ಐದನೆಯ ಮಹಡಿಯಲ್ಲಿ ಕಣ್ಣಿನ ಪೊರೆ ತೆಗೆಸಬೇಕಾಗಿತ್ತು. ಆಕೆ ಲಿಫ್ಟಿನ ಜಾಲರಿ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಹೆಸರು ಹೇಳುತ್ತ, ಈ ಗೂಡಿನೊಳಗೆ ಬರಲಾರೆ ಎಂದಳು. ಮಗಳು ಬೇಡಿದಳು, ನರ್ಸ್ ಗದರಿದಳು. ಒಳಗೆ ಮೇಲ್ವಿಚಾರಕರೂ ನಿಂತಿದ್ದರು. ಕಪ್ತಾನ ಅವರನ್ನೊಮ್ಮೆ ನೋಡಿದ, ಜಾಲರಿ ಬಿಡದ ಅಜ್ಜಿಯ ಬೆರಳುಗಳನ್ನೊಮ್ಮೆ ನೋಡಿದ. ಬಟ್ಟೆ ಒಗೆದರಾಯಿತು ಎಂದುಕೊಂಡ.

"ಅಜ್ಜಿ, ರೆಕ್ಕೆ ಮಡಚ್ಕೊಳ್ಳಿ."

"ಯಾರ ರೆಕ್ಕೆನೋ?"

"ನಿಮ್ದೇ. ಇದು ಹಡಗಿನ ಲಿಫ್ಟು, ನೀವು ವಿಮಾನ. ರೆಕ್ಕೆ ಚಾಚಿದ್ರೆ ಬಾಗಿಲು ಹಾಕಕ್ಕಾಗಲ್ಲ."

"ಇಷ್ಟು ಹಳೇ ವಿಮಾನ ಇನ್ನು ಹಾರತ್ತೇನಪ್ಪಾ?"

"ಇಂಜಿನ್ನು ಗಟ್ಟಿಯಾಗೇ ಇದೆ. ಮುಂದಿನ ದೀಪ ಎರಡು ಮಂಜಾಗಿವೆ, ಅಷ್ಟೇ. ಮೇಲೆ ಸರಿ ಮಾಡಿ ಕೊಡ್ತಾರೆ."

ಅಜ್ಜಿ ಬಾಗಿಲು ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ದಾರಿಯಲ್ಲಿ ಮಂಗಳಗ್ರಹದ ನೀರಿನ ಪಾಡು ಕೇಳಿ, ಅಲ್ಲೂ ಇದೇ ಕಥೆಯೇ ಎಂದು ಮರುಗಿದಳು.

ಮರುದಿನ ಲಿಫ್ಟಿನೊಳಗೆ ಮೇಲ್ವಿಚಾರಕರ ಸಹಿಯಿದ್ದ ಚೀಟಿ ಅಂಟಿಸಿತ್ತು. ಭಯಪಡುವವರೊಂದಿಗೆ ಮಾತ್ರ ಮಾತಾಡಬಹುದು, ಶತ್ರುವಿಮಾನ ಕೂಡದು ಎಂದು ಬರೆದಿತ್ತು. ಕಪ್ತಾನ ಅಕ್ಷರ ಬಿಡದೆ ಪಾಲಿಸಿದ. ಲಕೋಟೆಗಳು ಸ್ಟೂಲಿನ ಕೆಳಗೆ ಮರಳಿದವು. ಹತ್ತಿದವರನ್ನೆಲ್ಲ ಭಯವಿದೆಯೇ ಎಂದು ಮೊದಲು ಕೇಳುತ್ತಿದ್ದ.

ಅಜ್ಜಿಯನ್ನು ಗದರಿದ್ದ ನರ್ಸ್ ಹದಿನೆಂಟು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಆ ಲಿಫ್ಟ್ ಹತ್ತಿಳಿಯುತ್ತಿದ್ದವಳು. ಅವಳು ಒಳಗೆ ಬಂದು ಮೊಣಕೈ ಮಡಚಿ ನಿಂತಳು.

"ತುಂಬಾ ಭಯ ಇದೆ ಕಪ್ತಾನ. ಬೇಗ ಶುರು ಮಾಡು."