ಮೊದಲು ಉಣ್ಣುವವಳು

ಮದುವೆ ಗೊತ್ತಾದ ಮೊಮ್ಮಗಳು ನಮ್ಮ ಮನೆಯ ಹುಳಿಗಂಜಿ ಮಾಡುವ ಬಗೆಯನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ನಾನು ಗಂಜಿ ತಿರುವುತ್ತ ಹೇಳುತ್ತಿದ್ದೆ: ಅಕ್ಕಿಹಿಟ್ಟು, ಹುಳಿ ಮಜ್ಜಿಗೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ. ಇದರಲ್ಲಿ ಬರೆದುಕೊಳ್ಳುವಂಥದ್ದು ಏನಿದೆಯೋ ಕಾಣೆ. ಆದರೆ ಬೆಳ್ಳುಳ್ಳಿ ಬಿದ್ದು ಹಬೆ ಮೂಗಿಗೆ ಬಂದಾಗ ನನ್ನ ಕೈ ನಿಂತಿತು. ಈ ವಯಸ್ಸಿನಲ್ಲೂ ನಿಲ್ಲುತ್ತದೆ.

ಬ್ರಿಟಿಷರ ಕಾಲದಲ್ಲಿ ಬೆಳಗಾವಿಯಲ್ಲಿ ಆ ದೊಡ್ಡ ಅಧಿವೇಶನ ಸೇರಿತ್ತಲ್ಲ, ಅದರ ಹಿಂದಿನ ವರ್ಷ ನಾನು ಖಾನಾಪುರದಿಂದ ವಡಗಾವಿಯ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಅಮಾವಾಸ್ಯೆಗೆ ಮಗ್ಗ ಮುಟ್ಟುತ್ತಿರಲಿಲ್ಲ, ಅಂದು ಹುಳಿಗಂಜಿ. ಮೊದಲ ಅಮಾವಾಸ್ಯೆಯೇ ನಾನು ಕಣ್ಣು ಬಿಟ್ಟುಕೊಂಡು ನಿಂತೆ. ದೇವರಿಗೆ ಎಡೆ ಹಿಡಿಯುವ ಮುಂಚೆ, ಗಂಡಸರಿಗೆ ಬಡಿಸುವ ಮುಂಚೆ, ಅತ್ತೆ ಒಂದು ಬಟ್ಟಲು ತುಂಬಿಕೊಂಡು ಕುಡಿದಳು. ಬಿಸಿಲು ಹೊಸ್ತಿಲಿನಿಂದ ಕಂಬಕ್ಕೆ ಸರಿಯುವವರೆಗೂ ಮಾವ, ನನ್ನ ಗಂಡ ಖಾಲಿ ತಾಟಿನ ಮುಂದೆ ಸುಮ್ಮನೆ ಕುಳಿತಿದ್ದರು. ನಮ್ಮವ್ವನಾದರೋ ಎಲ್ಲರ ಊಟ ಮುಗಿದ ಮೇಲೆ ಬೋಗುಣಿ ಕೆರೆದು ಉಣ್ಣುತ್ತಿದ್ದವಳು. ತವರಿಗೆ ಹೋದಾಗ ಹೇಳಿದೆ.

“ನಮ್ಮತ್ತಿ ದೇವರಕಿಂತ ಮೊದಲ ಉಣ್ತಾಳಬೇ.”

“ಹೊಟ್ಟಿಬಾಕಿ ಇರಬೇಕು. ನಿನಗರ ಉಳಸ್ತಾಳಿಲ್ಲೋ?” ಎಂದು ಅವ್ವ ನಕ್ಕಳು.

ನಾನೂ ನಕ್ಕೆ. ನೀವೂ ನಗುತ್ತಿದ್ದಿರಿ.

ಮುಂದೆ ಮಗ ಹುಟ್ಟಿ ನಡೆಯತೊಡಗಿದ. ಒಂದು ಅಮಾವಾಸ್ಯೆ ಹಸಿದು ಹಠ ಹಿಡಿದ. ಅತ್ತೆ ಬಾವಿಗೆ ಹೋಗಿದ್ದಳು. ಮುದುಕಿಯ ಬಾಯಿಚಪಲಕ್ಕೆ ಕೂಸು ಯಾಕೆ ಅಳಬೇಕು ಎಂದು ಗಂಜಿ ಆರಿಸಿ ಅವನ ಬಾಯಿಗೆ ಹಿಡಿದೆ. ಬಾಗಿಲಲ್ಲಿ ಕೊಡ ಬಿದ್ದ ಸದ್ದಾಯಿತು. ಅತ್ತೆ ಓಡಿ ಬಂದು ಬಟ್ಟಲು ಕೆಡವಿ, ಕೂಸಿನ ಗಂಟಲಿಗೆ ಬೆರಳು ಹಾಕಿ ಎಲ್ಲ ಕಕ್ಕಿಸಿದಳು. ನನ್ನ ಕೆನ್ನೆಗೂ ಒಂದು ಬಿತ್ತು.

“ನಿಮಗೇನ ಹುಚ್ಚ ಹಿಡದೈತೇನ?” ಅಂದೆ. ಅತ್ತೆಗೆ ಎದುರು ಮಾತಾಡಿದ್ದು ಅದೊಂದೇ ಸಲ.

ಅವಳು ಕೂಸಿನ ಬಾಯಿ ಒರೆಸುತ್ತ ನೆಲದ ಮೇಲೆ ಕುಳಿತಳು.

“ಬರದ ವರ್ಷ ಮನ್ಯಾಗ ಒಂದ ಕಾಳ ಇರಲಿಲ್ಲ. ನೂಲಿಗೆ ಹಚ್ಚೂ ಗಂಜಿ ಗಡಿಗ್ಯಾಗ ಇತ್ತು. ಹುಳ ಬೀಳಬಾರದಂತ ಅದಕ್ಕ ಮೈಲುತುತ್ತದ ವಿಷ ಹಾಕತಿದ್ರು. ಅವತ್ತ ಇನ್ನೂ ಹಾಕಿಲ್ಲಂತ ತಿಳಕೊಂಡೆ. ಬಾಜೂ ಮನಿಯವರು ಕೊಟ್ಟ ಮಜ್ಜಿಗಿ, ಬೆಳ್ಳುಳ್ಳಿ ಹಾಕಿ ಕುದಿಸಿದೆ. ಕೂಸ ಮೊದಲ ಉಣ್ಣಲಿ, ಉಳದ್ರ ನಾ ಉಂಡೇನು ಅಂದೆ. ಸಂಜೀಮುಂದ ಹೋದ್ಲು. ಮೂರು ವರ್ಷದಾಕಿ.”

ಆ ಮನೆಯಲ್ಲಿ ಹಾಗೊಬ್ಬ ಮಗಳಿದ್ದಳೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

“ಮತ್ತ ಅದ ಗಂಜಿ ಯಾಕ ಮಾಡ್ತೀರಿ ಅತ್ತಿ?”

“ಇನ್ನಷ್ಟ ಹಾಕ ಅವ್ವಾ ಅಂದಿದ್ಲು.”

ಅತ್ತೆ ಹೋದ ಮೇಲೆ ನಾನು ಮೊದಲು ಉಣ್ಣುತ್ತ ಬಂದೆ. ಯಾರಿಗೂ ಕಾರಣ ಹೇಳಲಿಲ್ಲ. ನನ್ನ ಸೊಸೆಯೂ ತನ್ನ ತವರಿನಲ್ಲಿ ನನ್ನನ್ನು ಹೊಟ್ಟೆಬಾಕಿ ಅಂದಿರಬೇಕು.

ಮೊಮ್ಮಗಳ ವಹಿಯನ್ನು ಅಕ್ಷರ ಕೂಡಿಸಿಕೊಂಡು ಓದಿದೆ. ಕೊನೆಗೆ, ಬಿಸಿಬಿಸಿ ಬಡಿಸಬೇಕು ಎಂದಿತ್ತು. ಪೆನ್ಸಿಲು ಇಸಿದುಕೊಂಡು ಅದನ್ನು ಹೊಡೆದುಹಾಕಿ, ಸೊಟ್ಟಗೆ ಬರೆದೆ: ಮಾಡಿದಾಕಿ ಮೊದಲ ಉಣಬೇಕು. ಕಾಯಬೇಕು.

“ಯಾಕ ಅಜ್ಜಿ?”

ಹೇಳಿದೆ. ಅವಳು ಎದ್ದು ಬಟ್ಟಲು ತಂದು, ನನ್ನ ಕೈಗೆ ಕೊಡದೆ, ತಾನೇ ಬಡಿಸಿಕೊಂಡು ಕುಡಿದುಬಿಟ್ಟಳು. ನಮ್ಮಲ್ಲಿ ಈಗ ಮಗ್ಗವಿಲ್ಲ, ಮೈಲುತುತ್ತವಿಲ್ಲ. ಆದರೂ ಬಿಸಿಲು ಕಂಬ ಮುಟ್ಟುವವರೆಗೆ ನಾನು ಅವಳ ಮುಖ ನೋಡುತ್ತ ಕುಳಿತೆ.